ತರಗೆಲೆ ಗುಡಿಸುವ ಕಾಲ, ಮಂಗನ ಕಾಯಿಲೆ ಕಾಲ: ತೋಟದವರು ತಿಳಿದಿರಬೇಕಾದ್ದು

ಈ ವಾರ ಗೊಬ್ಬರದ ಬದಲು ಕಾಯಿಲೆಯ ಪಾಠ. ಆದರೆ ಗೊಬ್ಬರಕ್ಕೂ ಇದಕ್ಕೂ ನೇರ ಸಂಬಂಧ ಇದೆ. ಮಲೆನಾಡಿನ ಅಡಿಕೆ ತೋಟದವರು ಬೇಸಿಗೆ ಶುರುವಾದ ಕೂಡಲೇ ಬೆಟ್ಟಕ್ಕೆ ಹೋಗಿ ತರಗೆಲೆ ಗುಡಿಸಿ ತರ್ತೀವಿ. ಕೊಟ್ಟಿಗೆಗೆ ಹಾಸ್ತೀವಿ, ತೋಟಕ್ಕೆ ಮುಚ್ಚಿಗೆ ಮಾಡ್ತೀವಿ. ಮಂಗನ ಕಾಯಿಲೆ ಹರಡುವುದೂ ಸರಿಯಾಗಿ ಅದೇ ಹೊತ್ತಿಗೆ.

ಸಂಶೋಧನೆ ಹೇಳಿದ್ದೇನು?

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಸುತ್ತಲಿನ ಹಳ್ಳಿಯವರಿಗೂ ಜ್ವರ ಬಂತು. ಮೊದಲು ಹಳದಿ ಜ್ವರ ಇರಬಹುದು ಅಂತ ಅನುಮಾನಪಟ್ಟರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಹೊಸ ವೈರಸ್ ಸಿಕ್ಕಿತು. ಅದಕ್ಕೇ ಇದರ ಹೆಸರು ಕ್ಯಾಸನೂರು ಫಾರೆಸ್ಟ್ ಡಿಸೀಸ್, ಅಂದರೆ ಕೆಎಫ್‌ಡಿ.

ಇದನ್ನು ಹರಡುವುದು ಉಣ್ಣೆ, ನಮ್ಮ ಕಡೆ ಉಣುಗು ಅಂತೀವಲ್ಲ, ಅದು. ಮುಖ್ಯವಾದದ್ದು ಹೀಮಾಫೈಸಾಲಿಸ್ ಸ್ಪಿನಿಜೆರಾ ಜಾತಿ. ಮೊಟ್ಟೆಯಿಂದ ಬಂದ ಆರು ಕಾಲಿನ ಮರಿ ಇಲಿ, ಹಕ್ಕಿ, ಮಂಗಗಳ ರಕ್ತ ಕುಡಿಯುತ್ತದೆ. ಆಮೇಲೆ ಕಳಚಿಬಿದ್ದು ಎಂಟು ಕಾಲಿನ ಎಳೆ ಉಣ್ಣೆ ಆಗುತ್ತದೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಈ ಹಂತದ್ದು. ಸಣ್ಣ ಚುಕ್ಕಿಯಷ್ಟಿರುವುದರಿಂದ ಕಣ್ಣಿಗೆ ಬೀಳುವುದೇ ಕಷ್ಟ.

ದನಕರುಗಳ ಪಾತ್ರ ಬೇರೆ. ಅವಕ್ಕೆ ಈ ಕಾಯಿಲೆ ಬರಲ್ಲ, ಆದರೆ ಬೆಳೆದ ಉಣ್ಣೆಗೆ ಅವೇ ಊಟ. ದನ ಕಾಡಲ್ಲಿ ಮೇಯ್ದಷ್ಟೂ ಉಣ್ಣೆ ಸಂತತಿ ಹೆಚ್ಚುತ್ತದೆ. ಕಾಡು ಕಡಿದ ಅಂಚು, ಪೊದೆ, ದನದ ಓಡಾಟ, ಈ ಮೂರೂ ಸೇರಿದರೆ ಅಪಾಯ ಅಂತ ಹೋರ್ಹೆ ಬೊಶೆಲ್ 1969ರಲ್ಲೇ ಬರೆದಿದ್ದರು. ಬ್ರಿಟನ್ ಮತ್ತು ಭಾರತದ ಸಂಶೋಧಕರು ಸೇರಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೂ ಕಾಡು ಮತ್ತು ತೋಟ ಬೆರೆತ, ನಾಟಿ ದನ ಹೆಚ್ಚಿರುವ ಜಾಗಗಳನ್ನೇ ತೋರಿಸಿತು. ಅಂದರೆ ನಮ್ಮ ಮನೆ ಹಿಂದಿನ ಬೆಟ್ಟವನ್ನೇ.

ಹಾಗಾದ್ರೆ ಮುಚ್ಚಿಗೆಗೆ ಏನು ಮಾಡೋಣ?

ಸಾವಯವ ಅಂದ್ರೆ ಮುಚ್ಚಿಗೆ ಬೇಕೇ ಬೇಕು, ನಾನೇ ಎಷ್ಟೋ ಸಲ ಬರೆದಿದ್ದೀನಿ. ನನ್ನ ತೋಟದಲ್ಲಿ ಈಗಿನ ಕ್ರಮ ಇದು:

- ಡಿಸೆಂಬರ್‌ನಿಂದ ಮೇ ತನಕ ಬೆಟ್ಟದ ತರಗು ತರುವುದಿಲ್ಲ.
- ತೋಟದ್ದೇ ಸೋಗೆ, ಅಡಿಕೆ ಸಿಪ್ಪೆ, ಬಾಳೆ ಎಲೆ ಕತ್ತರಿಸಿ ಹಾಕುತ್ತೇನೆ.
- ಬೇಲಿಗುಂಟ ಗ್ಲಿರಿಸಿಡಿಯಾ. ಮಳೆ ಶುರುವಿಗೆ ಕಡ್ಡಿ ನೆಟ್ಟರೆ ಸಾಕು, ಬೇರು ಹಿಡಿದ ಮೇಲೆ ವರ್ಷಕ್ಕೆ ಎರಡು ಮೂರು ಸಲ ಸೊಪ್ಪು ಸಿಗುತ್ತದೆ. ಸಾರಜನಕ ಒಣ ತರಗಿಗಿಂತ ಜಾಸ್ತಿ.
- ಕೊಟ್ಟಿಗೆಗೆ ಭತ್ತದ ಹುಲ್ಲು. ದನದ ಉಣ್ಣೆಗೆ ಪಶುವೈದ್ಯರು ಹೇಳಿದ ಔಷಧಿ.

ಕಾಡಿಗೆ ಹೋಗಲೇಬೇಕಾದ್ರೆ

ಉದ್ದ ತೋಳಿನ ಅಂಗಿ, ಪ್ಯಾಂಟ್ ಹಾಕಿ, ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸಿಕ್ಕಿಸಿ. ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿ. "ನೀವು ಸಾವಯವದವರು, ಬೇವಿನೆಣ್ಣೆ ಸಾಲದಾ?" ಅಂತ ಕೇಳ್ತೀರಿ. ಸಾಲಲ್ಲ. ಬೆಳೆಗೆ ಸಾವಯವ ಸರಿ, ಆದರೆ ಜೀವದ ವಿಷಯದಲ್ಲಿ ನಾನು ಡೇಪಾನೇ ಹಚ್ಚೋದು, ಕೆಲಸದವರಿಗೂ ಅದನ್ನೇ ಕೊಡೋದು. ಬಂದ ಮೇಲೆ ಬಟ್ಟೆ ಬಿಸಿನೀರಲ್ಲಿ ನೆನೆಸಿ, ಸೋಪು ಹಚ್ಚಿ ಸ್ನಾನ ಮಾಡಿ. ಉಣ್ಣೆ ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಉಗುರಲ್ಲಿ ಹೊಸಕಬೇಡಿ.

ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹೂಳೋಕೂ ಹೋಗಬೇಡಿ. ಸತ್ತ ಮೈಯಿಂದ ಉಣ್ಣೆಗಳು ಕೆಳಗಿಳಿದು ಆ ಜಾಗದಲ್ಲೇ ಕಾಯುತ್ತಿರುತ್ತವೆ. ದೂರದಿಂದ ಫೋಟೊ ತೆಗೆದು ಲೊಕೇಶನ್ ಸಮೇತ ಆಶಾ ಕಾರ್ಯಕರ್ತೆಗೋ, ಅರಣ್ಯ ಸಿಬ್ಬಂದಿಗೋ ಕಳಿಸಿ. ಊರಿಗೆ ಸಿಗುವ ಮೊದಲ ಎಚ್ಚರಿಕೆ ಇದೇ.

ಜ್ವರ ಬಂದ್ರೆ

ಕಚ್ಚಿದ 3ರಿಂದ 8 ದಿನದಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು, ವಾಂತಿ. ಕೆಲವರಿಗೆ ಮೂಗು, ಒಸಡಿನಿಂದ ರಕ್ತ. ಜ್ವರ ಬಿಟ್ಟು ಒಂದೆರಡು ವಾರಕ್ಕೆ ಕೆಲವರಿಗೆ ಮತ್ತೆ ಮರುಕಳಿಸಿ ನಡುಕ, ಗೊಂದಲ ಕಾಣಿಸುತ್ತದೆ. ಆದ್ದರಿಂದ ಜ್ವರ ಬಿಟ್ಟಿತು ಅಂತ ತಕ್ಷಣ ಕೆಲಸಕ್ಕೆ ಹೊರಡಬೇಡಿ. ಕಾಯಿಲೆ ಬಂದ 100 ಜನರಲ್ಲಿ 3ರಿಂದ 5 ಜನ ಸಾಯುತ್ತಾರೆ.

ವೈರಸ್ ಕೊಲ್ಲುವ ಔಷಧಿ ಇಲ್ಲ. ಹಳೆಯ ಲಸಿಕೆಯನ್ನು ಪರಿಣಾಮ ಸಾಲದೆ ನಿಲ್ಲಿಸಲಾಗಿದೆ. ಆದರೂ ಬೇಗ ದಾಖಲಾದರೆ ದ್ರವ ಕೊಟ್ಟು, ರಕ್ತಸ್ರಾವದ ಮೇಲೆ ಕಣ್ಣಿಟ್ಟು ಉಳಿಸಲು ಸಾಧ್ಯ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಬೇಡಿ, ಕೆಲವು ಮಾತ್ರೆ ರಕ್ತಸ್ರಾವ ಹೆಚ್ಚಿಸುತ್ತವೆ. ಡಾಕ್ಟರಿಗೆ ಒಂದು ಮಾತು ತಪ್ಪದೆ ಹೇಳಿ: "ಕಾಡಿಗೆ ಹೋಗಿದ್ದೆ, ಉಣುಗು ಕಚ್ಚಿರಬಹುದು." ಆ ಒಂದು ಮಾತಿನಿಂದ ಸರಿಯಾದ ರಕ್ತಪರೀಕ್ಷೆ ಬೇಗ ಆಗುತ್ತದೆ. ರೋಗಿಯಿಂದ ಇನ್ನೊಬ್ಬರಿಗೆ ಇದು ಹರಡುವುದಿಲ್ಲ, ಹೆದರದೆ ಆರೈಕೆ ಮಾಡಿ.

ಈ ವಾರದ ಕೆಲಸ ಇಷ್ಟೇ: ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡೇಪಾ ಕೇಳಿ ತನ್ನಿ, ಬೆಟ್ಟಕ್ಕೆ ಹೋಗುವ ಮನೆಯವರ, ಕೆಲಸದವರ ಕೈಗೆ ಕೊಡಿ.