ರೇಸ್ ಕಾರು ಅಷ್ಟು ಗಿಡ್ಡ ಯಾಕೆ?

ಮಕ್ಕಳೇ, ಕಾರ್ಕಳದಿಂದ ಉಡುಪಿಗೆ ಬರುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದ್ದೀರಾ? ಬಸ್ಸು ಎಡಕ್ಕೆ ತಿರುಗಿದರೆ ನಾವು ಬಲಕ್ಕೆ ವಾಲುತ್ತೇವೆ. ದೇಹ ನೇರವಾಗಿ ಹೋಗಲು ನೋಡುತ್ತದೆ, ಬಸ್ಸು ತಿರುಗಿಬಿಡುತ್ತದೆ. ಇದು ಜಡತ್ವ. ಬಸ್ಸಿನ ಪಾಡೂ ಅದೇ. ಚಕ್ರಗಳು ರಸ್ತೆಯನ್ನು ಹಿಡಿದು ತಿರುಗುತ್ತವೆ, ಮೇಲ್ಭಾಗ ಹೊರಕ್ಕೆ ವಾಲುತ್ತದೆ. ಬೈಹುಲ್ಲನ್ನು ಎತ್ತರಕ್ಕೆ ಹೇರಿದ ಲಾರಿ ತಿರುವಿನಲ್ಲಿ ಮಗುಚುವುದು ಹೀಗೆಯೇ.

ವಸ್ತುವಿನ ಇಡೀ ತೂಕ ಯಾವ ಬಿಂದುವಿನಲ್ಲಿದೆ ಎಂದು ಭಾವಿಸಬಹುದೋ ಅದು ಗುರುತ್ವ ಕೇಂದ್ರ. ಅದು ಕೆಳಗಿದ್ದಷ್ಟೂ, ಎಡ-ಬಲ ಚಕ್ರಗಳ ನಡುವಿನ ಅಂತರ ಹೆಚ್ಚಿದಷ್ಟೂ ವಾಹನ ಮಗುಚುವುದು ಕಷ್ಟ.

ಇಟಲಿಯ ಫೆರಾರಿ, ಜರ್ಮನಿಯ ಪೋರ್ಷೆ ಕಂಪನಿಗಳ ಸ್ಪೋರ್ಟ್ಸ್ ಕಾರುಗಳು ನೆಲಕ್ಕೆ ಅಂಟಿದಂತೆ ಕಾಣುವುದು ಇದೇ ಕಾರಣಕ್ಕೆ. 1963ರಲ್ಲಿ ಕಾರು ಕಂಪನಿ ಆರಂಭಿಸಿದ ಇಟಲಿಯ ಲ್ಯಾಂಬೋರ್ಗಿನಿ ಅದಕ್ಕೂ ಮೊದಲು ಟ್ರ್ಯಾಕ್ಟರ್ ತಯಾರಿಸುತ್ತಿದ್ದರು. ಎತ್ತರದ ಟ್ರ್ಯಾಕ್ಟರಿನಿಂದ ಗಿಡ್ಡ ಕಾರಿಗೆ! ಅಮೆರಿಕದ ಫೋರ್ಡ್ ಕಂಪನಿಯ ‘ಜಿಟಿ40’ ರೇಸ್ ಕಾರಿನ ಹೆಸರಿನಲ್ಲೇ ಅದರ ಎತ್ತರವಿದೆ. 40 ಅಂಗುಲ, ಅಂದರೆ ಸುಮಾರು 102 ಸೆಂ.ಮೀ. ಸ್ಕೇಲಿನಿಂದ ಗೋಡೆಯ ಮೇಲೆ ಗುರುತು ಹಾಕಿ ಪಕ್ಕದಲ್ಲಿ ನಿಂತು ನೋಡಿ. 1966ರಲ್ಲಿ ಫ್ರಾನ್ಸಿನ ಲೆ ಮಾನ್‌ನಲ್ಲಿ ನಡೆದ 24 ಗಂಟೆಗಳ ಓಟದಲ್ಲಿ ಮೊದಲ ಮೂರೂ ಸ್ಥಾನ ಈ ಕಾರುಗಳಿಗೇ ಬಂದವು. ಆದರೆ ಇಂಥ ಕಾರನ್ನು ಕಾಪುವಿನ ಒಳರಸ್ತೆಗೆ ತಂದರೆ ಮೊದಲ ಹಂಪಿನಲ್ಲೇ ಹೊಟ್ಟೆ ತಾಗೀತು.

ರೇಸ್ ಕಾರು ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಮಣಿಪಾಲದ ಇಂಜಿನಿಯರಿಂಗ್ ಕಾಲೇಜು ಎಂಐಟಿಯ ವಿದ್ಯಾರ್ಥಿಗಳು ‘ಫಾರ್ಮುಲಾ ಮಣಿಪಾಲ್’ ಎಂಬ ತಂಡ ಕಟ್ಟಿ, ಒಬ್ಬರೇ ಕೂರುವ ರೇಸ್ ಕಾರುಗಳನ್ನು ತಾವೇ ತಯಾರಿಸಿ ಸ್ಪರ್ಧೆಗೆ ಒಯ್ದಿದ್ದಾರೆ. ಅಮೆರಿಕದಲ್ಲಿ 1981ರಲ್ಲಿ ಆರಂಭವಾದ ಈ ಬಗೆಯ ವಿದ್ಯಾರ್ಥಿ ಸ್ಪರ್ಧೆಯಲ್ಲಿ ಓಟಕ್ಕೆ ಮೊದಲು ಒಂದು ಪರೀಕ್ಷೆ ಇರುತ್ತದೆ. ಕಾರನ್ನು ವೇದಿಕೆಯ ಮೇಲೆ ನಿಲ್ಲಿಸಿ ಪಕ್ಕಕ್ಕೆ 60 ಡಿಗ್ರಿ ಓರೆ ಮಾಡುತ್ತಾರೆ. ಆಗಲೂ ಕಾರು ಮಗುಚಬಾರದು. ತಿರುವಿನಲ್ಲಿ ಆಗುವುದನ್ನು ನಿಂತಲ್ಲೇ ಪರೀಕ್ಷಿಸುವ ಉಪಾಯ ಇದು. ಗುರುತ್ವ ಕೇಂದ್ರದಿಂದ ನೇರ ಕೆಳಕ್ಕೆ ಎಳೆದ ಗೆರೆ ಕೆಳಬದಿಯ ಚಕ್ರಗಳನ್ನು ದಾಟಿದ ಕೂಡಲೇ ಕಾರು ಉರುಳುತ್ತದೆ. ಎಡ-ಬಲ ಚಕ್ರಗಳ ಅಂತರ 120 ಸೆಂ.ಮೀ. ಇದ್ದರೆ, ಗುರುತ್ವ ಕೇಂದ್ರ ನೆಲದಿಂದ ಸುಮಾರು 34 ಸೆಂ.ಮೀ. ಒಳಗೇ ಇರಬೇಕು. ನಿಮ್ಮ 30 ಸೆಂ.ಮೀ. ಸ್ಕೇಲಿಗಿಂತ ತುಸುವೇ ಹೆಚ್ಚು! ಪರೀಕ್ಷೆಯ ಹೊತ್ತಿಗೆ ತಂಡದ ಅತಿ ಎತ್ತರದ ಚಾಲಕ ಕಾರಿನಲ್ಲಿ ಕುಳಿತಿರಬೇಕು ಎಂಬುದೂ ನಿಯಮ.

ಮಾಡಿ ನೋಡಿ: ಒಂದು ರಟ್ಟಿನ ಅಂಚಿಗೆ ಬೆಂಕಿಕಡ್ಡಿ ಅಂಟಿಸಿ. ಜಾರದಂತೆ ತಡೆಯಲು ಇದು ಸಾಕು. ಅದಕ್ಕೆ ತಾಗಿಸಿ ಖಾಲಿ ಬೆಂಕಿಪೆಟ್ಟಿಗೆ ಮಲಗಿಸಿ, ರಟ್ಟಿನ ಇನ್ನೊಂದು ಬದಿಯನ್ನು ನಿಧಾನವಾಗಿ ಎತ್ತಿ. ಎಷ್ಟು ಡಿಗ್ರಿಗೆ ಉರುಳಿತು? ಕೋನಮಾಪಕದಿಂದ ಅಳೆದು ಬರೆದುಕೊಳ್ಳಿ. ಈಗ ಅಗಲ ಮುಖ ಕಡ್ಡಿಯ ಕಡೆಗಿರುವಂತೆ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಹಾಗೆಯೇ ಮಾಡಿ. ಅನಂತರ ಅದರ ಹಿಂದಿನ ಮುಖಕ್ಕೆ ಒಂದು ರೂಪಾಯಿ ನಾಣ್ಯವನ್ನು ಒಮ್ಮೆ ಮೇಲ್ತುದಿಯಲ್ಲಿ, ಒಮ್ಮೆ ಕೆಳತುದಿಯಲ್ಲಿ ಅಂಟಿಸಿ ಅಳೆಯಿರಿ. ಎತ್ತರದ ಚಾಲಕನನ್ನೇ ಕೂರಿಸುವುದು ಯಾಕೆಂದು ಈಗ ಹೇಳಬಲ್ಲಿರಾ?