ಯೂರಿಯಾ ಚೀಲದಿಂದ ಆವರ್ತ ಕೋಷ್ಟಕಕ್ಕೆ

2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯದ ಹೊರೆ ಇಳಿಸುವಾಗ ಹತ್ತನೆಯ ತರಗತಿಯ ವಿಜ್ಞಾನದಿಂದ ಧಾತುಗಳ ಆವರ್ತ ವರ್ಗೀಕರಣದ ಅಧ್ಯಾಯವನ್ನೇ ಕೈಬಿಟ್ಟಿತು. ಪಿಯುಸಿಯಲ್ಲಿ ಹೇಗೂ ಬರುತ್ತದಲ್ಲ ಎನ್ನುವವರಿದ್ದಾರೆ. ಆದರೆ ಕುಂದಗೋಳ, ಅಣ್ಣಿಗೇರಿ ಕಡೆಯ ಎಷ್ಟೋ ಮಕ್ಕಳು ಎಸ್‌ಎಸ್‌ಎಲ್‌ಸಿ ಮುಗಿಸಿ ಆರ್ಟ್ಸು, ಐಟಿಐ, ಇಲ್ಲವೇ ಹೊಲ ಎಂದು ಹೋಗುವವರು. ಅವರಿಗೆ ಆ ಕೋಷ್ಟಕ ದಕ್ಕುವುದಾದರೆ ಏಳು-ಎಂಟನೆಯ ತರಗತಿಯಲ್ಲೇ ದಕ್ಕಬೇಕು. ನವಲಗುಂದ ತಾಲ್ಲೂಕಿನಲ್ಲಿ ವಿಜ್ಞಾನ ಕಲಿಸುತ್ತ ನನಗೆ ತಿಳಿದುಬಂದದ್ದನ್ನು ಈ ಕೆಲಸಕ್ಕೆ ಹೊಸದಾಗಿ ಬರುವ ಶಿಕ್ಷಕರಿಗಾಗಿ ಬರೆದಿಡುತ್ತಿದ್ದೇನೆ.

1. ಎಲೆಕ್ಟ್ರಾನ್ ಆಮೇಲೆ, ಗೊಬ್ಬರದ ಚೀಲ ಮೊದಲು.

ಎರೆ ಹೊಲದ ಮನೆಯ ಮಕ್ಕಳಿಗೆ ಯೂರಿಯಾ, ಡಿಎಪಿ ಹೊಸ ಹೆಸರಲ್ಲ. ತೊಳೆದ ಖಾಲಿ ಚೀಲ ತನ್ನಿ ಎಂದರೆ ಮರುದಿನವೇ ರಾಶಿ ಬೀಳುತ್ತದೆ. ಯೂರಿಯಾ ಚೀಲದ ಮೇಲೆ ಸಾರಜನಕ ನೂರಕ್ಕೆ 46 ಎಂದಿರುತ್ತದೆ. ಈ 46 ಎಲ್ಲಿಂದ ಬಂತು ಎಂದು ಕೇಳಿ. ಕಂಪನಿಯವರು ಹಾಕಿದ್ದು ಎನ್ನುತ್ತಾರೆ. ಆಗ ಹಲಗೆಯ ಮೇಲೆ ಯೂರಿಯಾದ ಒಂದು ಅಣು ಬರೆಯಿರಿ: ಒಂದು ಕಾರ್ಬನ್, ಒಂದು ಆಕ್ಸಿಜನ್, ಎರಡು ನೈಟ್ರೋಜನ್, ನಾಲ್ಕು ಹೈಡ್ರೋಜನ್. ಅವುಗಳ ಪರಮಾಣು ರಾಶಿ ಕ್ರಮವಾಗಿ 12, 16, 14, 1. ಎಲ್ಲ ಕೂಡಿಸಿದರೆ 60, ಅದರಲ್ಲಿ ನೈಟ್ರೋಜನ್ನಿನ ಪಾಲು 28. ಭಾಗಿಸುವುದನ್ನು ಮಕ್ಕಳಿಗೇ ಬಿಡಿ. ನೂರಕ್ಕೆ 46ರ ಮೇಲೆ ಚೂರು ಬಂದ ಕೂಡಲೇ ಹಿಂದಿನ ಸಾಲಿನಿಂದ ಕೂಗು ಬರುತ್ತದೆ: "ಅಕ್ಕೋರ, ಚೀಲದ ಮ್ಯಾಲೂ ಹಿಂಗ ಐತ್ರಿ!" ಕಣ್ಣಿಗೆ ಕಾಣದ ಪರಮಾಣುವಿನ ರಾಶಿಗೂ ಅಪ್ಪ ಸೊಸೈಟಿಯಲ್ಲಿ ಕೊಟ್ಟ ದುಡ್ಡಿಗೂ ನಂಟಿದೆ ಎಂದು ಅವತ್ತು ಅವರಿಗೆ ಗೊತ್ತಾಗುತ್ತದೆ. 45 ಕೆಜಿ ಚೀಲದಲ್ಲಿ ಸಾರಜನಕ ಸುಮಾರು 20.7 ಕೆಜಿ ಮಾತ್ರ ಎಂಬ ಲೆಕ್ಕವನ್ನು ಮನೆಗೆ ಹೋಗಿ ಹೇಳುತ್ತಾರೆ.

ಡಿಎಪಿಯಲ್ಲಿ ಎಚ್ಚರ ಬೇಕು. 18-46 ಎಂದಿರುವಲ್ಲಿ 46 ಬರೀ ರಂಜಕವಲ್ಲ, ರಂಜಕ ಮತ್ತು ಆಕ್ಸಿಜನ್ ಕೂಡಿದ ಪೆಂಟಾಕ್ಸೈಡಿನ ಲೆಕ್ಕ. 50 ಕೆಜಿ ಚೀಲದಲ್ಲಿ ಅದು 23 ಕೆಜಿ; ಒಳಗಿನ ರಂಜಕ ಸುಮಾರು 10 ಕೆಜಿ. ಎಂಟನೆಯವರು ಇದನ್ನು ತಾವೇ ಬಿಡಿಸಬಲ್ಲರು.

2. ಮಣ್ಣು ಆರೋಗ್ಯ ಚೀಟಿಯನ್ನು ಕೋಷ್ಟಕದ ಪಕ್ಕದಲ್ಲಿ ತೂಗುಹಾಕಿ.

2015ರಲ್ಲಿ ಶುರುವಾದ ಈ ಚೀಟಿ ಊರಲ್ಲಿ ಯಾರ ಮನೆಯಲ್ಲಾದರೂ ಸಿಗುತ್ತದೆ. ಅದರಲ್ಲಿ ಒಂಬತ್ತು ಧಾತುಗಳ ಹೆಸರಿವೆ: ಸಾರಜನಕ, ರಂಜಕ, ಪೊಟ್ಯಾಷಿಯಂ, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಕೋಷ್ಟಕದಲ್ಲಿ ಈ ಒಂಬತ್ತು ಮನೆಗಳಿಗೆ ಬಣ್ಣ ಹಚ್ಚಿಸಿ. ಐದು ಮನೆ ನಾಲ್ಕನೆಯ ಸಾಲಿನಲ್ಲೇ ಬರುತ್ತವೆ, ಸಾರಜನಕದ ಕೆಳಗೇ ರಂಜಕ ಕೂತಿರುತ್ತದೆ. ಯಾಕೆ ಎಂಬ ಪ್ರಶ್ನೆ ಮಕ್ಕಳಿಂದಲೇ ಬರಲಿ, ತಕ್ಷಣ ಉತ್ತರ ಕೊಡಬೇಡಿ. ಕಲಘಟಗಿಯ ಮಸಾರಿ ಮಣ್ಣಿನ ಕೆಂಪಿಗೆ ಕಬ್ಬಿಣದ ಆಕ್ಸೈಡು ಕಾರಣ. ನಮ್ಮ ಎರೆಯಲ್ಲೂ ಕಬ್ಬಿಣ ಇದೆ, ಆದರೆ ಸುಣ್ಣದ ಅಂಶ ಹೆಚ್ಚಿರುವಲ್ಲಿ ಸೇಂಗಾ ಬೇರಿಗೆ ಅದು ಎಟಕುವುದಿಲ್ಲ, ಎಲೆ ಹಳದಿಯಾಗುತ್ತದೆ. ಇದನ್ನು ಹೊಲದಲ್ಲಿ ನೋಡಿದ ಮಗುವಿಗೆ ಧಾತು ಇರುವುದು ಬೇರೆ, ಸಂಯುಕ್ತದಲ್ಲಿ ಸಿಕ್ಕಿಕೊಂಡಿರುವುದು ಬೇರೆ ಎಂಬುದು ಬೇಗ ಹೊಳೆಯುತ್ತದೆ.

3. ಖಾಲಿ ಮನೆಯನ್ನು ಅವರೇ ಹುಡುಕಲಿ.

ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಧಾತುವಿನ ಹೆಸರು, ಪರಮಾಣು ರಾಶಿ, ಅದು ಎಷ್ಟು ಹೈಡ್ರೋಜನ್ ಅಥವಾ ಕ್ಲೋರಿನ್ ಹಿಡಿಯುತ್ತದೆ ಎಂದು ಬರೆದು 19 ಚೀಟಿ ಮಾಡಿ: ಲಿಥಿಯಂನಿಂದ ಫ್ಲೋರಿನ್, ಸೋಡಿಯಂನಿಂದ ಕ್ಲೋರಿನ್, ಆಮೇಲೆ ಪೊಟ್ಯಾಷಿಯಂ, ಕ್ಯಾಲ್ಸಿಯಂ, ಆರ್ಸೆನಿಕ್, ಸೆಲೆನಿಯಂ, ಬ್ರೋಮಿನ್. ಜಡ ಅನಿಲ, ಕಬ್ಬಿಣ, ತಾಮ್ರ ಯಾವುವೂ ಈಗ ಬೇಡ. ರಾಶಿಯ ಕ್ರಮದಲ್ಲಿ ಜೋಡಿಸುತ್ತ ಬಂದ ಮಕ್ಕಳು ಆರ್ಸೆನಿಕ್ಕನ್ನು ಅಲ್ಯೂಮಿನಿಯಂ ಕೆಳಗೆ ಇಡುತ್ತಾರೆ. ಯಾರೋ ಒಬ್ಬಳು ತಕರಾರು ತೆಗೆಯುತ್ತಾಳೆ, ಇದರ ಗುಣ ರಂಜಕದ ಹಾಗಿದೆ ಎಂದು. ಚೀಟಿ ಸರಿಸಿದರೆ ನಡುವೆ ಎರಡು ಮನೆ ಖಾಲಿ.

ಮೆಂಡಲೀವ್ ಹೆಸರನ್ನು ಆಗ ಹೇಳಬೇಕು, ಅದಕ್ಕೆ ಮೊದಲಲ್ಲ. 1869ರಲ್ಲಿ ಕೋಷ್ಟಕ ಪ್ರಕಟಿಸಿದ ಆತ ಆ ಮನೆಗಳನ್ನು ಖಾಲಿಯೇ ಬಿಟ್ಟು, ಅಲ್ಲಿ ಬರುವ ಧಾತುಗಳ ರಾಶಿ ಸುಮಾರು 68 ಮತ್ತು 72 ಇರಬೇಕೆಂದ. 1875ರಲ್ಲಿ ಗ್ಯಾಲಿಯಂ, 1886ರಲ್ಲಿ ಜರ್ಮೇನಿಯಂ ಸಿಕ್ಕವು. ಅವುಗಳ ರಾಶಿ 69.7 ಮತ್ತು 72.6. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಇದಕ್ಕಿಂತ ದೊಡ್ಡ ಗಳಿಗೆ ಇಲ್ಲ, ಇದಕ್ಕೆ ಎರಡು ಪೀರಿಯಡ್ ಹೋದರೂ ಹೋಗಲಿ.

4. ಬಾಯಿಪಾಠ ಇರಲಿ, ಆದರೆ ಕೊನೆಗೆ. ಮೊದಲ 20 ಧಾತು ನಾಲಿಗೆಯ ಮೇಲಿದ್ದರೆ ಮುಂದೆ ಅನುಕೂಲವೇ.

5. ಪುಸ್ತಕದ ಚಿತ್ರವನ್ನು ಅಂಗಳದಲ್ಲಿ ತಿದ್ದಿ.

ವೃತ್ತದೊಳಗೆ ದಪ್ಪ ನ್ಯೂಕ್ಲಿಯಸ್, ಸುತ್ತ ಎಲೆಕ್ಟ್ರಾನ್: ಈ ಚಿತ್ರ ಕವಚದ ಲೆಕ್ಕ ಇಡಲು ಸಾಕು, ಅಳತೆಗೆ ಸುಳ್ಳು. 1911ರಲ್ಲಿ ರುದರ್‌ಫೋರ್ಡ್ ತೋರಿಸಿದ ನ್ಯೂಕ್ಲಿಯಸ್ಸಿಗಿಂತ ಪರಮಾಣು ಹತ್ತಾರು ಸಾವಿರ ಪಟ್ಟು ದೊಡ್ಡದು. ಧ್ವಜಕಂಬದ ಬುಡದಲ್ಲಿ ಒಂದು ಜೋಳದ ಕಾಳಿಟ್ಟು ಮಕ್ಕಳನ್ನು ನೂರಾರು ಹೆಜ್ಜೆ ನಡೆಸಿ, ಗೇಟು ದಾಟಿ ಹೊಲದ ಬದುವಿನವರೆಗೆ. ಪರಮಾಣುವಿನ ಅಂಚು ಅಲ್ಲಿ. ನಡುವೆ ಏನೈತ್ರಿ ಎಂದು ಕೇಳಿಯೇ ಕೇಳುತ್ತಾರೆ.

6. ಜ್ವಾಲೆಯ ಬಣ್ಣ ತೋರಿಸಿ, ಜಮಖಂಡಿಯ ಕಥೆ ಹೇಳಿ.

ಬಯಲಲ್ಲಿ ಸ್ಪಿರಿಟ್ ದೀಪ ಹಚ್ಚಿ. ತಂತಿಯ ತುದಿಗೆ ಉಪ್ಪು ತಾಗಿಸಿ ಹಿಡಿದರೆ ಹಳದಿ, ಮೈಲುತುತ್ತಿಗೆ ಹಸಿರು. ಮೈಲುತುತ್ತು ವಿಷ, ಶಿಕ್ಷಕರೇ ಹಿಡಿಯಬೇಕು. ಮಕ್ಕಳು ಗಾಳಿ ಬರುವ ದಿಕ್ಕಿನಲ್ಲಿ ದೂರ ನಿಲ್ಲಲಿ. ಪ್ರತಿ ಧಾತುವಿನ ಎಲೆಕ್ಟ್ರಾನುಗಳು ತಮ್ಮದೇ ಬಣ್ಣದ ಬೆಳಕು ಬಿಡುತ್ತವೆ ಎಂದಾಗ ಕವಚದ ಪಾಠಕ್ಕೆ ಅರ್ಥ ಬರುತ್ತದೆ.

1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿ ರೋಹಿತದರ್ಶಕ ಇಟ್ಟು ನೋಡಿದ. ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಕಂಡವು. ಕಿತ್ತಳೆಯದು ಸೋಡಿಯಂನದೆಂದೇ ತೋರಿತು. ಅದು ಹೀಲಿಯಂನ ಗೆರೆ. ಭೂಮಿಯ ಮೇಲೆ ಹೀಲಿಯಂ ಸಿಕ್ಕಿದ್ದು 1895ರಲ್ಲಿ, ರ‍್ಯಾಮ್ಸೆ ಕೈಯಲ್ಲಿ. ಕಥೆ ಮುಗಿದ ಮೇಲೆ ಹೀಲಿಯಂ ಎಂದು ಬರೆದ ಹೊಸ ಚೀಟಿ ಕೊಟ್ಟು, 19 ಚೀಟಿಗಳ ನಡುವೆ ಜಾಗ ಹುಡುಕಲು ಹೇಳಿ. ರಾಶಿ 4, ಯಾವುದರ ಜೊತೆಗೂ ಕೂಡುವುದಿಲ್ಲ. ಯಾವ ಕಂಬಸಾಲಿಗೂ ಹೊಂದುವುದಿಲ್ಲ. 1869ರ ಕೋಷ್ಟಕದಲ್ಲೂ ಅದಕ್ಕೆ ಜಾಗವಿರಲಿಲ್ಲ. ಹೊಸ ಕಂಬಸಾಲನ್ನೇ ಸೇರಿಸಬೇಕಾಯಿತು. ಆ ಕಂಬಸಾಲನ್ನು ಎಲ್ಲಿ ಎಳೆಯಬೇಕೆಂದು ಮಕ್ಕಳೇ ವಾದ ಮಾಡಿ ತೀರ್ಮಾನಿಸಲಿ.