ನಿದ್ರೆಯ ಪಾಠ: ಮಕ್ಕಳ ರಾತ್ರಿಯಿಂದ ಆರಂಭಿಸೋಣ

ಆರೋಗ್ಯದ ಘಟಕಕ್ಕೆ ಪಾಠ ಯೋಜನೆ ಬರೆಯುವಾಗ ನಮ್ಮ ಪ್ರಶಿಕ್ಷಣಾರ್ಥಿಗಳು ಆಹಾರಕ್ಕೆ, ಶುಚಿತ್ವಕ್ಕೆ ಪುಟಗಟ್ಟಲೆ ಕೊಡುತ್ತಾರೆ. ನಿದ್ರೆಗೆ ಸಿಗುವುದು ಒಂದೇ ಸಾಲು: ‘ಬೇಗ ಮಲಗಿ ಬೇಗ ಏಳಬೇಕು’. ಚರಕ ಸಂಹಿತೆ ಶರೀರದ ಮೂರು ಆಧಾರಗಳಲ್ಲಿ ಆಹಾರದ ಜೊತೆಗೇ ನಿದ್ರೆಯನ್ನು ಎಣಿಸಿದೆ. ಆದ್ದರಿಂದ ಈ ಸಲ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಶಾಲೆಗಳಲ್ಲಿ ಅಭ್ಯಾಸ ಬೋಧನೆ ವೀಕ್ಷಿಸಲು ಹೋದಾಗ, ಒಂಬತ್ತನೆಯ ತರಗತಿಗೆ ನಿದ್ರೆಯನ್ನೇ ಒಂದು ಪೂರ್ಣ ಅವಧಿಯ ಪಾಠವಾಗಿ ಮಾಡಿಸಿದೆ.

ಪೂರ್ವಜ್ಞಾನ ಪರೀಕ್ಷೆಗೆ ಎರಡೇ ಪ್ರಶ್ನೆ: ನಿನ್ನೆ ಎಷ್ಟಕ್ಕೆ ಮಲಗಿದಿರಿ, ಇಂದು ಎಷ್ಟಕ್ಕೆ ಎದ್ದಿರಿ? ಉತ್ತರಗಳಿಗೇ ಕಪ್ಪುಹಲಗೆ ತುಂಬಿತು. ‘ರಾತ್ರಿ ಪಾಳಿಗೆ ತ್ರೀ ಫೇಸ್ ಕರೆಂಟ್ ಬರ್ತೈತ್ರಿ ಸರ್, ಅಪ್ಪನ ಕೂಡ ನೀರು ಹಾಯ್ಸಾಕ ಹೊಲಕ್ಕ ಹೋಗ್ತೀನ್ರಿ’ ಎಂದ ಮುಂಡರಗಿ ಕಡೆಯ ಹುಡುಗ. ಬೆಟಗೇರಿಯ ಹುಡುಗಿಯ ಮನೆಯಲ್ಲಿ ಮಗ್ಗವೂ ಹಾಸಿಗೆಯೂ ಒಂದೇ ಕೋಣೆಯಲ್ಲಿವೆ; ಮಗ್ಗದ ಸಪ್ಪಳ ನಿಲ್ಲುವವರೆಗೆ ದೀಪ ಆರುವುದಿಲ್ಲ. ಶಿರಹಟ್ಟಿಯಲ್ಲಿ ಬಹುಪಾಲು ಉತ್ತರ ಮೊಬೈಲಿನದೇ. ಲಕ್ಷ್ಮೇಶ್ವರದ ಹುಡುಗನೊಬ್ಬ ಹೇಳಿದ್ದು ನಮಗೆ, ಅಂದರೆ ಶಿಕ್ಷಕರಿಗೆ, ಸಂಬಂಧಿಸಿದ್ದು. ಎಸ್ಸೆಸ್ಸೆಲ್ಸಿ ಓದುವ ಅವನ ಅಣ್ಣನಿಗೆ ಬೆಳಗಿನ ನಾಲ್ಕೂವರೆಗೆ ಓದಲು ಎಬ್ಬಿಸುವ ಫೋನು ಬರುತ್ತದೆ; ಆಗ ಮನೆಯವರೆಲ್ಲ ಏಳುತ್ತಾರೆ.

ಇಂಥ ತರಗತಿಗೆ ‘ಬೇಗ ಮಲಗಿ’ ಎಂದರೆ ಉಪದೇಶವಾಗುತ್ತದೆ, ಪಾಠವಾಗುವುದಿಲ್ಲ. ಮೊದಲು ಲೆಕ್ಕ ಮಾಡಿಸಬೇಕು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ರೆ ಬೇಕು. ರಾತ್ರಿ 11ಕ್ಕೆ ಮಲಗಿ 4.30ಕ್ಕೆ ಎದ್ದವನಿಗೆ ಸಿಕ್ಕಿದ್ದು ಐದೂವರೆ ಗಂಟೆ. ಹರೆಯದಲ್ಲಿ ನಿದ್ರೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಸ್ರವಿಸುತ್ತದೆ ಎಂಬುದನ್ನೂ ಇಲ್ಲಿ ಸೇರಿಸಬೇಕು. ಒಂಬತ್ತಕ್ಕೆ ಕಣ್ಣು ಮುಚ್ಚದ ಹುಡುಗ ಸೋಮಾರಿಯೂ ಅಲ್ಲ, ಹಟಮಾರಿಯೂ ಅಲ್ಲ.

ರೋಗನಿರೋಧಕ ಶಕ್ತಿಯ ವಿಷಯಕ್ಕೆ ಎರಡು ಪ್ರಯೋಗಗಳನ್ನು ಕಥೆಯಂತೆ ಹೇಳಿಸಿದೆ. 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ 164 ಆರೋಗ್ಯವಂತ ವಯಸ್ಕರ ನಿದ್ರೆಯನ್ನು ಒಂದು ವಾರ ಅಳೆದು, ಆಮೇಲೆ ಮೂಗಿಗೆ ನೆಗಡಿಯ ವೈರಸ್ ಹನಿ ಹಾಕಿದರು. ಏಳು ಗಂಟೆಗಿಂತ ಹೆಚ್ಚು ಮಲಗಿದವರಿಗೆ ಹೋಲಿಸಿದರೆ ಆರು ಗಂಟೆಗಿಂತ ಕಡಿಮೆ ಮಲಗಿದವರಿಗೆ ನೆಗಡಿ ಹಿಡಿಯುವ ಸಾಧ್ಯತೆ ನಾಲ್ಕು ಪಟ್ಟಿಗೂ ಹೆಚ್ಚಿತ್ತು. 2002ರ ಇನ್ನೊಂದರಲ್ಲಿ, ಕೆಲವು ರಾತ್ರಿ ನಾಲ್ಕೇ ಗಂಟೆ ಮಲಗಿದ ಯುವಕರಿಗೆ ಫ್ಲೂ ಲಸಿಕೆ ಕೊಟ್ಟಾಗ, ಹತ್ತು ದಿನಗಳ ನಂತರ ಅವರಲ್ಲಿದ್ದ ಪ್ರತಿಕಾಯಗಳು ಚೆನ್ನಾಗಿ ಮಲಗಿದವರ ಅರ್ಧದಷ್ಟೂ ಇರಲಿಲ್ಲ. ಮುಂದಿನ ವಾರಗಳಲ್ಲಿ ಆ ಅಂತರ ಮುಚ್ಚಿತೆಂಬುದನ್ನೂ ಮಕ್ಕಳಿಗೆ ಹೇಳಬೇಕು; ಹೆದರಿಸುವುದಕ್ಕಾಗಿ ಅರ್ಧ ಸತ್ಯ ಬೇಡ.

ಚಹಾದ ಮಾತು ಬಂದಾಗ ಇಡೀ ತರಗತಿ ಚುರುಕಾಯಿತು. ಎಚ್ಚರವಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಕೂಡುತ್ತ ಹೋಗಿ ನಿದ್ರೆ ಎಳೆಯುತ್ತದೆ. ಚಹಾದ ಕೆಫೀನ್ ಅದನ್ನು ತೆಗೆಯುವುದಿಲ್ಲ, ಅದು ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ. ಪ್ರಶಿಕ್ಷಣಾರ್ಥಿ ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಸುವ ಉದಾಹರಣೆ ಕೊಟ್ಟರು, ಮತ್ತೆ ವಿವರಿಸಬೇಕಾಗಲಿಲ್ಲ. ಕುಡಿದ ಐದಾರು ಗಂಟೆಯ ಮೇಲೂ ಅರ್ಧದಷ್ಟು ಕೆಫೀನ್ ದೇಹದಲ್ಲಿರಬಹುದು.

ನಂತರ ಚಟುವಟಿಕೆ. ಮಕ್ಕಳು ತಮ್ಮ ರಾತ್ರಿಯಲ್ಲಿ ‘ನನ್ನ ಕೈಯಲ್ಲಿರುವುದು’, ‘ನನ್ನ ಕೈಯಲ್ಲಿ ಇಲ್ಲದ್ದು’ ಎಂದು ಎರಡು ಪಟ್ಟಿ ಬರೆದರು. ಕರೆಂಟಿನ ಪಾಳಿ, ಮಗ್ಗ ಎರಡನೆಯದಕ್ಕೆ ಹೋದವು. ಮೊಬೈಲು, ಸಂಜೆಯ ಚಹಾ, ರಜೆಯ ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಏಳುವುದು, ಎದ್ದೊಡನೆ ಬಯಲಿನ ಬೆಳಕಿಗೆ ಬರುವುದು ಮೊದಲನೆಯದಕ್ಕೆ. ಬೆಳಗಿನ ಬೆಳಕು ದೇಹದ ಗಡಿಯಾರವನ್ನು ಸರಿಪಡಿಸುತ್ತದೆ. ಆ ಗಡಿಯಾರ ಜೀವಕೋಶದೊಳಗೆ ನಡೆಯುವ ಬಗೆಯನ್ನು ನೊಣಗಳಲ್ಲಿ ಕಂಡುಹಿಡಿದವರಿಗೆ 2017ರಲ್ಲಿ ನೊಬೆಲ್ ಬಂತು. ಹೊಲಕ್ಕೆ ಹೋಗುವ ಹುಡುಗನಿಗೆ ಮಧ್ಯಾಹ್ನ ಇಪ್ಪತ್ತು ನಿಮಿಷ ಕಣ್ಣು ಮುಚ್ಚಲು ಶಾಲೆ ಜಾಗ ಕೊಡಬಹುದು. ಊಟದ ಬಿಡುವಿನಲ್ಲಿ ಇದು ಸಾಧ್ಯ.

ಎಬ್ಬಿಸುವ ಫೋನಿನ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿದೆ. ಅದರ ಹಿಂದೆ ಶಿಕ್ಷಕರ ಕಾಳಜಿಯಿದೆ, ಫಲಿತಾಂಶದ ಒತ್ತಡವೂ ಇದೆ. ಆದರೆ ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ರೆಯಲ್ಲಿ. ಬೆಳಿಗ್ಗೆ ಫೋನು ಮಾಡಲೇಬೇಕೆಂದರೆ ರಾತ್ರಿ ಒಂಬತ್ತೂವರೆಗೆ ಇನ್ನೊಂದು ಮಾಡಿ, ‘ಪುಸ್ತಕ ಮುಚ್ಚಿ ಮಲಕ್ಕೊ’ ಎನ್ನಬೇಕು. ಅದಕ್ಕೆ ತಕ್ಕಂತೆ ಮನೆಗೆಲಸ ಕಡಿಮೆ ಕೊಡಬೇಕಾಗುತ್ತದೆ. ಪ್ರಶಿಕ್ಷಣಾರ್ಥಿಗಳು ಕೆಲಸಕ್ಕೆ ಸೇರುವ ಮುನ್ನವೇ ಇದನ್ನು ಚರ್ಚಿಸಲಿ.

ಮೌಲ್ಯಮಾಪನಕ್ಕೆ ಕೇಳಿದ್ದು: ‘11ಕ್ಕೆ ಮಲಗಿ 4.30ಕ್ಕೆ ಏಳುವ ಗೆಳೆಯನಿಗೆ ನಿಮ್ಮ ಸಲಹೆಯೇನು, ಏಕೆ?’ ಮುಂಡರಗಿಯ ಆ ಹುಡುಗ ಚಹಾ, ಮೊಬೈಲು ಎಲ್ಲ ಬರೆದು ಕೊನೆಗೆ ‘ಹೊಲಕ್ಕ ಹಗಲಿನ್ಯಾಗ ಕರೆಂಟ್ ಕೊಡಬೇಕು’ ಎಂದು ಸೇರಿಸಿದ್ದ. ಇದಕ್ಕೆ ಅಂಕ ಕೊಡಬಹುದೇ ಎಂದು ಪ್ರಶಿಕ್ಷಣಾರ್ಥಿ ಕೇಳಿದರು. ಪೂರ್ಣ ಅಂಕ ಕೊಡಿಸಿದೆ.